ತಂಬೂರಿ ಮೂಕಾಗುವ ಮುನ್ನ

ಸೋದರಿಯರೇ, ನಿಮ್ಮ ಮನೆಯ ತಂಬೂರಿ ಈಗ ಎಲ್ಲಿದೆ? ದೇವರಕೋಣೆಯ ಮೂಲೆಯಲ್ಲೋ, ಅಟ್ಟದ ಮೇಲೆ ಮೆಣಸಿನಕಾಯಿ ಚೀಲದ ಪಕ್ಕದಲ್ಲೋ? ಅತ್ತೆಯವರು ಹಾಡುತ್ತಿದ್ದ ಕಾಲದ್ದಿರಬಹುದು, ಮಗಳ ಸಂಗೀತ ಪರೀಕ್ಷೆಗೆಂದು ಕೊಂಡದ್ದಿರಬಹುದು. ದೇವರಗುಡ್ಡದಲ್ಲಿ ಮಾಲತೇಶನ ಕಾರ್ಣಿಕ ನಡೆಯುವ ದಸರೆಯ ದಿನಗಳಲ್ಲಿ ಸುತ್ತಲಿನ ಊರುಗಳಲ್ಲೆಲ್ಲ ಮನೆತುಂಬ ನೆಂಟರು. ಆಗ ಗವಸು ತೆಗೆದು, ಧೂಳು ಝಾಡಿಸಿ, ತಂಬೂರಿಯನ್ನು ಪೂಜೆಗೆ ಇಡುತ್ತೀರಿ. ಯಾರೋ ಹಿರಿಯರು, "ಒಂದು ಪದಾ ಹಾಡವ್ವಾ, ಕೇಳಿ ಭಾಳ ದಿನಾತು" ಎನ್ನುತ್ತಾರೆ. ಬಿರಡೆ ತಿರುವಿದರೆ ಒಂದು ತಂತಿ ಠಣ್ಣೆಂದು ಕಡಿಯುತ್ತದೆ; ಇನ್ನೊಂದು ಏರಿಸಿದಷ್ಟೂ ಇಳಿಯುತ್ತದೆ. "ಇರಲಿ ಬಿಡ್ರಿ, ಆಮ್ಯಾಲೆ ಮಾಡಿಸಿದರಾತು" ಎಂದು ಮತ್ತೆ ಗವಸು ಹಾಕಿದರೆ ಆ 'ಆಮ್ಯಾಲೆ' ಮುಂದಿನ ದಸರೆಗೂ ಬರುವುದಿಲ್ಲ. ತಂಬೂರಿಯ ಜೊತೆಗೆ ಮನೆಯಾಕೆಯ ಹಾಡೂ ಗವಸಿನೊಳಗೆ ಸೇರಿಬಿಡುತ್ತದೆ.

ನಮ್ಮ ಹಾವೇರಿ ಸೀಮೆಗೆ ತಂಬೂರಿ ಹೊಸದೇನಲ್ಲ. ತಂಬೂರಿಯನ್ನೇ ಕುರಿತು ಗದರಿಸುವ ಧಾಟಿಯಲ್ಲಿ ಪದ ಕಟ್ಟಿದ ಶಿಶುನಾಳ ಶರೀಫರು (1819–1889) ಇಲ್ಲಿಯ ಶಿಗ್ಗಾವಿ ತಾಲ್ಲೂಕಿನವರು. ಗದುಗಿನ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಹುಟ್ಟಿದ್ದು ಹಾನಗಲ್ಲ ತಾಲ್ಲೂಕಿನಲ್ಲಿ. ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ದೇವರಗುಡ್ಡದ ಮೇಲೆ ರಾಣೇಬೆನ್ನೂರಿಗೆ ಬರುವ ರೈಲುದಾರಿಯಲ್ಲೇ ಕುಂದಗೋಳ ಇದೆ. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ಅಲ್ಲಿಗೆ ರೈಲಿನಲ್ಲೇ ಹೋಗಿ ಬರುತ್ತಿದ್ದರು.

ಇನ್ನು ತಂಬೂರಿ ಕೆಡುವುದು ಹೇಗೆ ಎಂಬುದಕ್ಕೆ ಬರೋಣ. ಇದರ ಜೀವ ಇರುವುದು ಬುರುಡೆಯ ಮೇಲಿನ ಹಲಗೆಯಲ್ಲಿ ಕೂತ 'ಕುದುರೆ'ಯಲ್ಲಿ. ನಾಲ್ಕು ತಂತಿಗಳೂ ಅದರ ಬೆನ್ನ ಮೇಲೆ ಹಾದುಹೋಗುತ್ತವೆ. ಆ ಬೆನ್ನು ಚಪ್ಪಟೆಯಾಗಿ ಕಂಡರೂ ತುಸು ಇಳಿಜಾರಾಗಿರುತ್ತದೆ. ಮೀಟಿದಾಗ ತಂತಿ ಆ ಇಳಿಜಾರನ್ನು ಮತ್ತೆ ಮತ್ತೆ ಸವರುತ್ತದೆ, ಆಗಲೇ ಆ ಝೇಂಕಾರ ಹೊರಡುವುದು. ಇದಕ್ಕೆ ಜವಾರಿ ಎನ್ನುತ್ತಾರೆ. ತಂತಿಯ ಕೆಳಗೆ ಜೀವಾಳಿ ಎಂಬ ಹತ್ತಿಯ ಎಳೆ ಇಟ್ಟು, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ನಾದ ಬಿಡಿಸುತ್ತಾರೆ. ಬಾರಿಸುತ್ತ ಬಾರಿಸುತ್ತ ತಂತಿ ಕುದುರೆಯ ಮೇಲೆ ಗೆರೆ ಕೊರೆಯುತ್ತದೆ. ಮೊದಮೊದಲು ಬರಿಗಣ್ಣಿಗೆ ಕಾಣದು. ಜೀವಾಳಿ ಎಷ್ಟು ಸರಿಸಿದರೂ ಸ್ವರ ಮೊಂಡಾಗಿಯೇ ಕೇಳಿದರೆ ಗೆರೆ ಬಿದ್ದಿದೆ ಎಂದು ತಿಳಿಯಿರಿ. ಆಗಲೇ ಕಸಬುದಾರರ ಕೈಗೆ ಕೊಟ್ಟರೆ ಅರದಿಂದ ನವಿರಾಗಿ ಉಜ್ಜಿ ಸರಿ ಮಾಡುತ್ತಾರೆ. ವರ್ಷಗಟ್ಟಲೆ ಬಿಟ್ಟರೆ ಗೆರೆ ಆಳವಾಗಿ ಕುದುರೆಯನ್ನೇ ಬದಲಿಸಬೇಕಾಗುತ್ತದೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಯಾಕೆ? ಆದರೆ ಉಜ್ಜುಕಾಗದ ತಂದು ನೀವೇ ಉಜ್ಜಲು ಹೋಗಬೇಡಿ. ಅದು ಕಿವಿಯಿಂದ ಮಾಡುವ ಕೆಲಸ, ಹತ್ತು ಸಲ ತಂತಿ ಕಟ್ಟಿ, ಕೇಳಿ, ಬಿಚ್ಚಿ ಮಾಡುವಂಥದು.

ಮನೆಯಲ್ಲಿ ಕಲಿಯುವ ಮಕ್ಕಳಿದ್ದರಂತೂ ತಡ ಬೇಡ. ಮೊಂಡು ತಂಬೂರಿಯ ಜೊತೆ ದಿನಾ ಹಾಡುವ ಮಗುವಿನ ಕಿವಿ ಅದಕ್ಕೇ ಒಗ್ಗಿಹೋಗುತ್ತದೆ. ಮೊಬೈಲಿನಲ್ಲಿ ಶ್ರುತಿ ಸಿಗುತ್ತದಲ್ಲ ಎನ್ನುವಿರಿ. ಸಿಗುತ್ತದೆ, ಉಪಯೋಗಿಸಿರಿ. ಆದರೆ ಷಡ್ಜಕ್ಕೆ ತಂತಿ ಕೂಡಿಸುವುದನ್ನು ಕಲಿಯಲು ಬಿರಡೆಯ ಮೇಲೆ ಕೈ ಇರಲೇಬೇಕು.

ನಮ್ಮ ಕಡೆಯ ಹವೆಯೂ ಸಾಮಾನ್ಯದ್ದಲ್ಲ. ಮಳೆಗಾಲದ ತೇವಕ್ಕೆ ಕಟ್ಟಿಗೆ ಉಬ್ಬಿ ಬಿರಡೆ ಬಿಗಿಯುತ್ತದೆ. ಆಗ ಇಕ್ಕಳ ಹಾಕಿ ತಿರುವಿದರೆ ಬಿರಡೆ ಮುರಿದೀತು. ಕೈಯಿಂದಲೇ ಮೆಲ್ಲಗೆ ಆಡಿಸಿ ಹೊರಗೆ ತೆಗೆಯಿರಿ. ಬ್ಯಾಸಗಿಯಲ್ಲಿ ಅದೇ ಬಿರಡೆ ಒಣಗಿ ಜಾರುತ್ತದೆ. ಜಾರುವ ಬಿರಡೆಗೆ ಸೀಮೆಸುಣ್ಣದ ಪುಡಿ ಸವರಿ, ಒಳಕ್ಕೆ ಒತ್ತುತ್ತ ತಿರುವಿದರೆ ಹಿಡಿದುಕೊಳ್ಳುತ್ತದೆ. ಎಣ್ಣೆ ಮಾತ್ರ ಬಿರಡೆಯ ಹತ್ತಿರ ಸುಳಿಯಬಾರದು. ಕೈಯ ಬೆವರಿನಿಂದ ಉಕ್ಕಿನ ತಂತಿಗೆ ತುಕ್ಕು, ಹಿತ್ತಾಳೆಯದಕ್ಕೆ ಕಿಲುಬು. ಹಾಡಿ ಮುಗಿದ ಮೇಲೆ ಒಣ ಅರಿವೆಯಿಂದ ಒಮ್ಮೆ ಒರೆಸುವುದು ಅರ್ಧ ನಿಮಿಷದ ಕೆಲಸ. ತುಕ್ಕು ಹಿಡಿದ ತಂತಿಯನ್ನು ಕಡಿಯುವವರೆಗೆ ಕಾಯದೆ ಬದಲಿಸಿಬಿಡಿ, ತಂತಿಯ ಬೆಲೆ ವಾದ್ಯದ ಬೆಲೆಯ ಮುಂದೆ ಎಷ್ಟರದು?

ಪೂಜೆಯ ವಿಷಯದಲ್ಲಿ ಒಂದು ಮಾತು ಹೇಳಿದರೆ ಸಿಟ್ಟಾಗಬಾರದು. ಒದ್ದೆ ಹೂವು, ನೀರಾದ ಗಂಧ, ಕುಂಕುಮ ಇವನ್ನೆಲ್ಲ ಕುದುರೆಯ ಮೇಲೂ ಬುರುಡೆಯ ಮೇಲೂ ಹಚ್ಚಬೇಡಿ. ಮುಂದೆ ಒಂದು ತಟ್ಟೆಯಲ್ಲಿಟ್ಟು ಪೂಜಿಸಿದರೆ ಸರಸ್ವತಿ ಬೇಡವೆನ್ನುವುದಿಲ್ಲ. ಒಲೆಯ ಹೊಗೆ, ತೇವದ ಗೋಡೆ, ಇಲಿ ಓಡಾಡುವ ಅಟ್ಟ ಇವು ಮೂರೂ ತಂಬೂರಿಗೆ ಆಗವು. ಬಹಳ ದಿನ ಬಾರಿಸುವುದಿಲ್ಲವಾದರೆ ತಂತಿಗಳನ್ನು ತುಸು ಸಡಿಲಿಸಿಡಿ. ಸದಾ ಬಿಗಿ ಇದ್ದರೆ ಮೇಲಿನ ಹಲಗೆ ಕುಸಿಯುತ್ತದೆ.

ಬುರುಡೆ ಎಂದರೆ ಒಣಗಿದ ಕುಂಬಳದ ಜಾತಿಯ ಕಾಯಿ. ಸಣ್ಣ ಪೆಟ್ಟಿಗೂ ಬಿರಿಯುತ್ತದೆ. ಕೂದಲೆಳೆಯ ಬಿರುಕು ಕಂಡಾಗಲೇ ತೋರಿಸಿದರೆ ಅಂಟು ಹಾಕಿ ಕೂಡಿಸುತ್ತಾರೆ. ಬಿಟ್ಟರೆ ಬಿರುಕು ಹರಿಯುತ್ತ ಹೋಗಿ ಬುರುಡೆಯನ್ನೇ ಬದಲಿಸುವ ಹೊತ್ತು ಬರುತ್ತದೆ, ಬುರುಡೆ ಬದಲಾದರೆ ಹಳೆಯ ನಾದ ಹಾಗೆಯೇ ಸಿಕ್ಕೀತೆಂಬ ಭರವಸೆ ಇಲ್ಲ. ಭಜನೆಯ ಏಕತಾರಿಗೂ ಇದೇ ಮಾತು.

ದೊಡ್ಡ ರಿಪೇರಿಗೆ ಸಣ್ಣ ಊರುಗಳಲ್ಲಿ ಜನ ಸಿಗುವುದು ಕಷ್ಟ. ಈ ಕೆಲಸಕ್ಕೆ ಹೆಸರಾದ ಊರು ಮಿರಜ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು 19ನೇ ಶತಮಾನದಲ್ಲಿ ಅಲ್ಲಿ ವಾದ್ಯ ಮಾಡಲು ಕೈಹಚ್ಚಿದರು. 2024ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಹುಬ್ಬಳ್ಳಿಯ ಮೇಲೆ ರೈಲಿನಲ್ಲಿ ಹೋಗಬಹುದು. ಅದಕ್ಕೆ ಮೊದಲು ನಿಮ್ಮ ಊರಿನ ಸಂಗೀತದ ಮಾಸ್ತರರನ್ನು ಕೇಳಿರಿ, ಯಾರ ಕೈ ಒಳ್ಳೆಯದೆಂದು ಅವರಿಗೆ ಗೊತ್ತಿರುತ್ತದೆ.

ಒಯ್ಯುವಾಗ ತಂತಿ ಸಡಿಲಿಸುವ ಮುನ್ನ ಕುದುರೆಯ ಸುತ್ತ ಪೆನ್ಸಿಲಿನಿಂದ ಗುರುತು ಹಾಕಿರಿ. ಸಡಿಲಿಸಿದ ಮೇಲೆ ಅದು ಜರುಗಬಹುದು. ಬುರುಡೆಗೆ ಹಳೆಯ ಕೌದಿ ಸುತ್ತಿರಿ. ರೈಲಿನಲ್ಲಿ ಸೀಟಿನ ಕೆಳಗೆ ತುರುಕದೆ ಮಡಿಲಿಗೇ ಇಟ್ಟುಕೊಳ್ಳಿ. ರಿಪೇರಿಯಾಗಿ ಬಂದ ಮೇಲೆ ಹೊಸ ತಂತಿ ಎಳೆದುಕೊಳ್ಳುತ್ತ ಕೆಲವು ದಿನ ಶ್ರುತಿ ಇಳಿಯುತ್ತಲೇ ಇರುತ್ತದೆ. ಗಾಬರಿಯಾಗದೆ ದಿನಾ ಬೆಳಿಗ್ಗೆ ಹತ್ತು ನಿಮಿಷ ಕೂತು ಕೂಡಿಸಿರಿ, ವಾರದೊಳಗೆ ನಿಲ್ಲುತ್ತದೆ.