ಅಂತರ್ಜಾಲದಲ್ಲಿ ಅರ್ಜಿ ಸಲ್ಲಿಸುವವರ ಗಮನಕ್ಕೆ: ಲ್ಯಾಪ್‌ಟಾಪ್‌ನ ಬ್ಯಾಟರಿ ಮತ್ತು ಸ್ಲೀಪ್ ಸ್ಥಿತಿಯ ನಿರ್ವಹಣೆ

ಮನೆಯಿಂದಲೇ ಲ್ಯಾಪ್‌ಟಾಪ್ ಮೂಲಕ ಅರ್ಜಿ ಸಲ್ಲಿಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಅರ್ಧ ಭರ್ತಿ ಮಾಡಿದ ಅರ್ಜಿ ಅಳಿಸಿಹೋಗುವುದಕ್ಕೂ, ಶುಲ್ಕ ಕಡಿತಗೊಂಡರೂ ಸ್ವೀಕೃತಿ ದೊರೆಯದಿರುವುದಕ್ಕೂ ಜಾಲತಾಣದ ದೋಷವೇ ಸದಾ ಕಾರಣವಾಗಿರುವುದಿಲ್ಲ. ಅರ್ಜಿದಾರರು ಪಡಿತರ ಚೀಟಿಯನ್ನೋ ಪಹಣಿಯನ್ನೋ ಹುಡುಕಲು ಎದ್ದುಹೋದಾಗ ಯಂತ್ರವು ತಾನಾಗಿ ಸ್ಲೀಪ್ ಸ್ಥಿತಿಗೆ ಹೋಗುವುದು, ವಿದ್ಯುತ್ ನಿಲುಗಡೆಯಾದಾಗ ಬ್ಯಾಟರಿ ಬರಿದಾಗುವುದು ಸಹ ಕಾರಣಗಳಾಗಿರುತ್ತವೆ. ಕೊನೆಯ ದಿನಾಂಕದ ಸಂಜೆ ಹೀಗಾದಲ್ಲಿ ಉಂಟಾಗುವ ತೊಂದರೆಯನ್ನು ವಿವರಿಸಬೇಕಾಗಿಲ್ಲ.

ಸ್ಲೀಪ್, ಹೈಬರ್ನೇಟ್, ಷಟ್‌ಡೌನ್

ಈ ಮೂರರ ವ್ಯತ್ಯಾಸವನ್ನು ಲೆಕ್ಕಪತ್ರ ಶಾಖೆಯ ಮೇಜಿನ ಉದಾಹರಣೆಯಿಂದ ತಿಳಿಯಬಹುದು. ಕಂಪ್ಯೂಟರಿನ ತಾತ್ಕಾಲಿಕ ಸ್ಮೃತಿ, ಅಂದರೆ ರ‍್ಯಾಮ್, ಮೇಜಿನ ಮೇಲೆ ಹರಡಿದ ಬಿಡಿ ಹಾಳೆಗಳಂತೆ. ಡಿಸ್ಕ್ ಎಂಬುದು ಬೀಗ ಹಾಕಿದ ಬೀರು. ಸ್ಲೀಪ್ ಸ್ಥಿತಿಯಲ್ಲಿ ಪರದೆ ಆರಿ, ಪ್ರೊಸೆಸರ್ ವಿಶ್ರಮಿಸುತ್ತದೆಯಾದರೂ ಹಾಳೆಗಳು ಮೇಜಿನ ಮೇಲೆಯೇ ಇರುತ್ತವೆ. ಅವುಗಳನ್ನು ಕಾಯಲು ಅಲ್ಪ ಪ್ರಮಾಣದ ವಿದ್ಯುತ್ ಸತತವಾಗಿ ಬೇಕು. ಆ ವಿದ್ಯುತ್ ತೀರಿದರೆ ಹಾಳೆಗಳೂ ಹೋದಂತೆ. ಹೈಬರ್ನೇಟ್ ಸ್ಥಿತಿಯಲ್ಲಿ ಯಂತ್ರವು ರ‍್ಯಾಮ್‌ನಲ್ಲಿರುವುದನ್ನು ಡಿಸ್ಕ್‌ಗೆ ಬರೆದಿಟ್ಟು ಪೂರ್ಣವಾಗಿ ಆರುತ್ತದೆ. ಹಾಳೆಗಳು ಬೀರುವಿನಲ್ಲಿ ಭದ್ರವಾಗಿರುವುದರಿಂದ ಬ್ಯಾಟರಿ ಬರಿದಾದರೂ ನಷ್ಟವಿಲ್ಲ. ಮತ್ತೆ ಎಚ್ಚರಗೊಳ್ಳಲು ಮಾತ್ರ ಸ್ವಲ್ಪ ಹೆಚ್ಚು ಸಮಯ ಹಿಡಿಯುತ್ತದೆ. ಷಟ್‌ಡೌನ್ ಮಾಡಿದಾಗ ಮೇಜು ಬರಿದಾಗುತ್ತದೆ. ಸೇವ್ ಮಾಡದೆ ಉಳಿದದ್ದು ಉಳಿಯುವುದಿಲ್ಲ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಅಂಡ್ ಬ್ಯಾಟರಿ ಎಂಬ ಕ್ರಮದಲ್ಲಿ ತೆರೆದರೆ ಎಷ್ಟು ನಿಮಿಷಗಳ ನಂತರ ಪರದೆ ಆರಬೇಕು, ಯಂತ್ರ ಸ್ಲೀಪ್‌ಗೆ ಹೋಗಬೇಕು ಎಂಬುದನ್ನು ನಿಗದಿಪಡಿಸಬಹುದು. ಬ್ಯಾಟರಿಯಲ್ಲಿರುವಾಗಿನ ಅವಧಿ ಬೇರೆ, ಚಾರ್ಜರ್ ಜೋಡಿಸಿದಾಗಿನ ಅವಧಿ ಬೇರೆ. ಹಲವರು ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುವುದುಂಟು. ಮುಚ್ಚಳ ಮುಚ್ಚಿದಾಗ ಏನಾಗಬೇಕೆಂಬುದನ್ನು ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಆಯ್ಕೆ ಮಾಡಬಹುದು. ಹೈಬರ್ನೇಟ್ ಆಯ್ಕೆಯು ಪವರ್ ಮೆನುವಿನಲ್ಲಿ ಕಾಣದಿದ್ದರೆ ಅದನ್ನು ಅಲ್ಲಿಯೇ ಸೇರಿಸಿಕೊಳ್ಳಲು ಅವಕಾಶವಿದೆ. ಉಬುಂಟು ಬಳಸುವವರಿಗೆ ಹೈಬರ್ನೇಟ್ ಸೌಲಭ್ಯ ಮೊದಲಿನಿಂದಲೇ ಚಾಲ್ತಿಯಲ್ಲಿರುವುದಿಲ್ಲವಾದ್ದರಿಂದ ಅವರು ಆಗಾಗ ಸೇವ್ ಮಾಡುವುದು ಒಳಿತು.

ಹಳೆಯ ಬ್ಯಾಟರಿಯ ವಿಷಯ

ಯಂತ್ರೋಪಕರಣಗಳಿಗೆ ಸವಕಳಿ ಇರುವಂತೆ ಬ್ಯಾಟರಿಗೂ ಸವಕಳಿ ಇದೆ. ಕಂಪ್ಯೂಟರ್ ಬಲ್ಲವರ ನೆರವಿನಿಂದ ವಿಂಡೋಸ್‌ನ ಬ್ಯಾಟರಿ ವರದಿ ತೆಗೆಸಿದರೆ ತಯಾರಿಕೆಯ ಕಾಲದ ಸಾಮರ್ಥ್ಯ ಹಾಗೂ ಈಗಿನ ಪೂರ್ಣ ಚಾರ್ಜ್ ಸಾಮರ್ಥ್ಯ ಎರಡೂ ಕಾಣುತ್ತವೆ. 50 ವ್ಯಾಟ್-ಅವರ್ ಇದ್ದದ್ದು 30ಕ್ಕೆ ಇಳಿದಿದ್ದರೆ ಶೇ. 60 ಮಾತ್ರ ಉಳಿದಿದೆ ಎಂದರ್ಥ. ಪರದೆಯಲ್ಲಿ ಶೇ. 100 ಎಂದು ತೋರಿಸಿದರೂ ಅದು ಉಳಿದ 30ರ ಲೆಕ್ಕವೇ. ಇಂತಹ ಬ್ಯಾಟರಿಗಳು ಶೇ. 15 ಎಂದು ತೋರಿಸುತ್ತಿರುವಾಗಲೇ ಥಟ್ಟನೆ ಆರಿಹೋಗಬಹುದು. ಆದುದರಿಂದ ಪವರ್ ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ ಕ್ರಿಟಿಕಲ್ ಬ್ಯಾಟರಿ ಆಕ್ಷನ್ ಎಂಬಲ್ಲಿ ಹೈಬರ್ನೇಟ್ ಇರುವುದನ್ನು ಖಚಿತಪಡಿಸಿಕೊಂಡು, ಆ ಮಟ್ಟವನ್ನು ಶೇ. 5ರ ಬದಲು ಶೇ. 10 ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚಿಗೆ ಇಟ್ಟುಕೊಳ್ಳುವುದು ಸೂಕ್ತ.

ಲಿಥಿಯಂ ಅಯಾನ್ ಬ್ಯಾಟರಿಗೆ ಶಾಖವೇ ದೊಡ್ಡ ಶತ್ರು. ಹಾಸಿಗೆ, ದಿಂಬಿನ ಮೇಲೆ ಇಟ್ಟು ಕೆಲಸ ಮಾಡುವುದರಿಂದ ಗಾಳಿಯ ಕಿಂಡಿಗಳು ಮುಚ್ಚಿಹೋಗುತ್ತವೆ. ಸದಾ ಚಾರ್ಜರಿನಲ್ಲೇ ಇರುವ ಯಂತ್ರಗಳಿಗೆ ಶೇ. 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯವಿದ್ದಲ್ಲಿ ಬಳಸಬಹುದು. ಉಬ್ಬಿದ ಬ್ಯಾಟರಿಯನ್ನು ಬಳಸಲೇಬಾರದು. ಅದನ್ನು ಮನೆಯ ಕಸದೊಂದಿಗೆ ಹಾಕದೆ, ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರಂತೆ ಪ್ರತ್ಯೇಕವಾಗಿ ಒಪ್ಪಿಸತಕ್ಕದ್ದು.

ಸೆಷನ್ ಮುಗಿಯುವುದು ಹಾಗೂ ಶುಲ್ಕ ಪಾವತಿ

ಅರ್ಜಿದಾರರು ಮುಖ್ಯವಾಗಿ ಗಮನಿಸಬೇಕಾದ ಅಂಶ ಇಲ್ಲಿದೆ. ಸ್ಲೀಪ್ ಆಗಲಿ ಹೈಬರ್ನೇಟ್ ಆಗಲಿ ರಕ್ಷಿಸುವುದು ನಿಮ್ಮ ಯಂತ್ರದಲ್ಲಿರುವುದನ್ನು ಮಾತ್ರ. ಅರ್ಜಿಯನ್ನು ಸ್ವೀಕರಿಸುವ ಸರ್ವರ್ ಬೇರೆಡೆ ಇದೆ. ನಿಮ್ಮ ಯಂತ್ರ ಮಲಗಿದೆಯೆಂದು ಅದರ ಗಡಿಯಾರ ನಿಲ್ಲುವುದಿಲ್ಲ. ನಿಗದಿತ ಕಾಲ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಭದ್ರತೆಯ ದೃಷ್ಟಿಯಿಂದ ಅದು ಸೆಷನ್ ಅನ್ನು ಮುಕ್ತಾಯಗೊಳಿಸುತ್ತದೆ. ಲ್ಯಾಪ್‌ಟಾಪ್ ಎಚ್ಚರಗೊಂಡಾಗ ನೀವು ತುಂಬಿದ ವಿವರಗಳು ಪರದೆಯ ಮೇಲೆ ಹಾಗೆಯೇ ಕಾಣುತ್ತವೆ. ಆದರೆ ಸಬ್‌ಮಿಟ್ ಒತ್ತಿದೊಡನೆ ಮತ್ತೆ ಲಾಗಿನ್ ಆಗುವಂತೆ ಸೂಚನೆ ಬಂದು ಎಲ್ಲವೂ ಮಾಯವಾಗುತ್ತದೆ. ಕಣ್ಣೆದುರಿಗೆ ಇದ್ದದ್ದು ಹೋಯಿತೆಂದು ಅರ್ಜಿದಾರರು ಬೇಸರಪಡುವುದು ಸಹಜವೇ.

ಇದನ್ನು ತಪ್ಪಿಸಲು, ದಾಖಲೆಗಳನ್ನು ಸ್ಕ್ಯಾನ್ ಮಾಡಿ ಒಂದೇ ಫೋಲ್ಡರಿನಲ್ಲಿ ಸಿದ್ಧವಿರಿಸಿಕೊಂಡ ನಂತರವೇ ಲಾಗಿನ್ ಆಗಬೇಕು. ಕೋರಿಕೆಯ ವಿವರಣೆ ದೀರ್ಘವಾಗಿದ್ದರೆ ಅದನ್ನು ಪ್ರತ್ಯೇಕ ಕಡತದಲ್ಲಿ ಯೂನಿಕೋಡ್ ಕನ್ನಡದಲ್ಲಿ ಬರೆದಿಟ್ಟು ನಕಲಿಸುವುದು ಒಳಿತು. ಅರ್ಜಿ ನಮೂನೆಯಲ್ಲಿ ಕರಡು ಉಳಿಸುವ ಗುಂಡಿ ಇದ್ದಲ್ಲಿ ಎದ್ದುಹೋಗುವ ಮುನ್ನ ಅದನ್ನು ಒತ್ತತಕ್ಕದ್ದು. ಆಧಾರ್ ಮುಂತಾದ ವಿವರಗಳು ತೆರೆದಿರುವಾಗ ಯಂತ್ರ ಎಚ್ಚರಗೊಂಡೊಡನೆ ಪಾಸ್‌ವರ್ಡ್ ಕೇಳುವಂತೆ ಇಟ್ಟಿರಬೇಕು.

ವಿದ್ಯುತ್ ಹೋದಾಗ ಲ್ಯಾಪ್‌ಟಾಪ್ ನಡೆಯುತ್ತಿದ್ದರೂ ಮನೆಯ ವೈಫೈ ರೂಟರ್ ಆರಿರುತ್ತದೆ ಎಂಬುದು ಬಹುತೇಕರ ನೆನಪಿಗೆ ಬರುವುದಿಲ್ಲ. ಮೊಬೈಲಿನ ಹಾಟ್‌ಸ್ಪಾಟ್ ಸಿದ್ಧವಿದ್ದರೆ ಕೆಲಸ ಮುಂದುವರಿಸಬಹುದು. ಆದಾಗ್ಯೂ ಶುಲ್ಕ ಪಾವತಿಯ ಪುಟವನ್ನು ಮಾತ್ರ ಚಾರ್ಜರ್ ಜೋಡಿಸಿದಾಗ, ಅಥವಾ ಸಾಕಷ್ಟು ಚಾರ್ಜ್ ಇರುವಾಗಲೇ ತೆರೆಯುವುದು ಕ್ಷೇಮ. ಬ್ಯಾಂಕಿನ ಪುಟದಿಂದ ಅರ್ಜಿಯ ಪುಟಕ್ಕೆ ಮರಳುವ ಮೊದಲೇ ಯಂತ್ರ ಆರಿದರೆ ಹಣ ಕಡಿತಗೊಂಡಿದ್ದು ಸ್ವೀಕೃತಿ ಸಂಖ್ಯೆ ಸೃಜನೆಯಾಗದೆ ಉಳಿಯಬಹುದು. ಹಾಗಾದಲ್ಲಿ ಗಾಬರಿಯಿಂದ ಕೂಡಲೇ ಎರಡನೆಯ ಬಾರಿ ಪಾವತಿಸಬಾರದು. ಮೊದಲು ಅರ್ಜಿಯ ಖಾತೆಗೆ ಲಾಗಿನ್ ಆಗಿ ಪಾವತಿಯ ಸ್ಥಿತಿಯನ್ನು ನೋಡಬೇಕು. ಖಜಾನೆ-2ರ ಮೂಲಕ ಪಾವತಿಸಿದ್ದರೆ ಚಲನ್ ಉಲ್ಲೇಖ ಸಂಖ್ಯೆಯಿಂದ ಪರಿಶೀಲಿಸಬೇಕು. ಆ ಸಂಖ್ಯೆಯನ್ನು ಪಾವತಿಗೆ ಮುಂಚೆಯೇ ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಅಗತ್ಯ, ಏಕೆಂದರೆ ಆರಿದ ಯಂತ್ರದಿಂದ ಅದನ್ನು ಓದಲಾಗದು. ಪರಿಶೀಲನೆಯಿಂದಲೂ ಬಗೆಹರಿಯದಿದ್ದಲ್ಲಿ ಚಲನ್ ಅಥವಾ ವಹಿವಾಟಿನ ಸಂಖ್ಯೆ, ಪಾವತಿಯ ದಿನಾಂಕ ಮತ್ತು ವೇಳೆ, ಮೊತ್ತ ಕಡಿತಗೊಂಡಿರುವ ಬ್ಯಾಂಕ್ ಖಾತೆ ವಿವರಣೆಯ ಪ್ರತಿಯೊಂದಿಗೆ ಸಂಬಂಧಪಟ್ಟ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.