ಕೂಸಿನ ಪಕ್ಕೆಯ ಮೇಲೊಂದು ಗೆರೆ

ಅಮ್ಮ ಇಲ್ಲವಲ್ಲ, ತಂಗಿ ಬಾಣಂತನಕ್ಕೆ ಮಾದಿಹಳ್ಳಿಗೆ ನಮ್ಮ ಮನೆಗೇ ಬಂದಿದ್ದಳು. ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವವಳು ನಾನೇ. ಒಂದು ದಿನ ನೋಡುತ್ತೇನೆ, ಎಡ ಪಕ್ಕೆಯ ಮೇಲೆ ತಿಳಿಗಂದು ಬಣ್ಣದ ಉದ್ದ ಗೆರೆ. ಉಜ್ಜಿದರೂ ಹೋಗಲಿಲ್ಲ.

ನಾಮಕರಣಕ್ಕೆ ಬಂದ ಅವಳ ಅತ್ತೆ, “ಗ್ರಹಣದ ದಿನ ಈಳಿಗೆಮಣೆ ಮುಟ್ಟಿದ್ಯೇನಮ್ಮಾ?” ಎಂದು ಎಲ್ಲರ ಮುಂದೆ ಕೇಳಿಬಿಟ್ಟರು. ತಂಗಿ ಅವತ್ತು ಸರಿಯಾಗಿ ಊಟವನ್ನೇ ಮಾಡಲಿಲ್ಲ.

ಆರು ತಿಂಗಳ ಹೊತ್ತಿಗೆ ಗೆರೆ ಒರಟಾಯಿತು. ಒಬ್ಬರು ಸರ್ಪಸುತ್ತು ಅಂದರು, ಕೆಮ್ಮಣ್ಣು ಹಚ್ಚಿದ್ದಾಯಿತು. (ಸರ್ಪಸುತ್ತಾದರೆ ನೀರುಗುಳ್ಳೆ, ಉರಿ ಇರುತ್ತದೆ, ಕೆಲವು ವಾರಗಳಲ್ಲಿ ಒಣಗುತ್ತದೆ. ಅದು ಆಗ ನಮಗೆ ಹೊಳೆಯಲೇ ಇಲ್ಲ.) ಇನ್ನೊಬ್ಬರು ನರಹುಲಿ ಎಂದು ಸುಣ್ಣಕ್ಕೆ ಬಟ್ಟೆ ಸೋಡ ಕಲಸಿ ಹಚ್ಚಿದರು. ಚರ್ಮ ಸುಟ್ಟು ಕೂಸು ರಾತ್ರಿಯೆಲ್ಲಾ ಅತ್ತಿತು. ಬೇಡ ಅನ್ನಲು ನನಗೂ ಬಾಯಿ ಬರಲಿಲ್ಲ ನೋಡಿ.

ಬೆಳಗ್ಗೆ ಬಸ್ಸು ಹತ್ತಿ ಹಾಸನಕ್ಕೆ ಹೋದೆವು. ಚರ್ಮದ ಡಾಕ್ಟರು ಮೊದಲು ಸುಟ್ಟ ಗಾಯಕ್ಕೆ ಮುಲಾಮು ಕೊಟ್ಟರು. ಆಮೇಲೆ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿದರು. ತುರಿಕೆ ಇದೆಯಾ, ಫಿಟ್ಸ್ ಬಂದಿತ್ತಾ, ಕಣ್ಣು ಸರಿಯಾಗಿ ನೋಡುತ್ತಾಳಾ, ಕೈಕಾಲು ಸಮ ಇವೆಯಾ ಎಂದೆಲ್ಲ ಕೇಳಿದರು. ಯಾವುದೂ ಇಲ್ಲ ಎಂದಾಗ, “ಇದು ಎಪಿಡರ್ಮಲ್ ನೀವಸ್, ಚರ್ಮದ ಮೇಲ್ಪದರದ ಹುಟ್ಟುಮಚ್ಚೆ. ಅಂಟುವುದಿಲ್ಲ, ಹೆದರಬೇಡಿ” ಎಂದರು. ಸುಮಾರು 1,000 ಮಕ್ಕಳಲ್ಲಿ ಒಂದಕ್ಕೆ ಇರುತ್ತದಂತೆ. ನೋಡಿದರೇ ಗೊತ್ತಾಗುತ್ತದೆ; ಸಂಶಯ ಬಂದರೆ ಮಾತ್ರ ಚರ್ಮದ ಚೂರು ತೆಗೆದು ಪರೀಕ್ಷಿಸುತ್ತಾರೆ.

ತಂಗಿ ಕೇಳಿದ್ದು ಒಂದೇ: “ನನ್ನಿಂದ ಆಯ್ತಾ ಡಾಕ್ಟ್ರೇ?”

ಅಲ್ಲವೇ ಅಲ್ಲ ಎಂದರು. ಗರ್ಭದಲ್ಲಿ ಮಗು ಬೆಳೆಯುವಾಗ ಒಂದು ಜೀವಕೋಶದ ಜೀನ್‌ನಲ್ಲಿ ತಾನಾಗಿಯೇ ವ್ಯತ್ಯಾಸವಾಗುತ್ತದೆ. ಆ ಕೋಶದ ಸಂತತಿ ಚರ್ಮದಲ್ಲಿ ಹರಡಿದ ದಾರಿಯೇ ಈ ಗೆರೆ. 1901ರಲ್ಲಿ ಜರ್ಮನಿಯ ಚರ್ಮವೈದ್ಯ ಆಲ್‌ಫ್ರೆಡ್ ಬ್ಲಾಷ್ಕೊ ಇಂಥ ರೋಗಿಗಳನ್ನು ನೋಡಿ ನೋಡಿ ಈ ದಾರಿಗಳ ನಕ್ಷೆಯನ್ನೇ ಬರೆದಿಟ್ಟರಂತೆ. ಗ್ರಹಣಕ್ಕೂ ಇದಕ್ಕೂ ಏನು ಸಂಬಂಧ?

ಮಚ್ಚೆ ಪ್ರಾಯಕ್ಕೆ ಬರುವಾಗ ದಪ್ಪ, ಕಪ್ಪು ಆಗಬಹುದು. ಮೇಲೆಮೇಲೆ ಹೆರೆಸಿದರೆ ಮತ್ತೆ ಬರುವುದುಂಟು. ಲೇಸರ್, ಆಪರೇಷನ್ ಇವೆ, ಆದರೆ ಕಲೆ ಉಳಿಯಬಹುದು, ಅವಸರವಿಲ್ಲ. ಮಚ್ಚೆ ಮೈತುಂಬ ಹರಡಿದ್ದರೆ, ರಕ್ತ ಬಂದರೆ, ತುರಿಕೆ ಹೆಚ್ಚಿದರೆ, ಮಗುವಿಗೆ ಫಿಟ್ಸ್ ಬಂದರೆ ಮಾತ್ರ ತಡಮಾಡದೆ ತೋರಿಸಿ.

ಹುಡುಗಿಗೆ ಈಗ ಏಳು ವರ್ಷ. ಗೆರೆ ಹಾಗೇ ಇದೆ, ಪಕ್ಕದಲ್ಲಿ ಸುಣ್ಣ ಸುಟ್ಟ ಕಲೆಯೂ ಇದೆ. ಅಜ್ಜಿ ತಲೆಗೆ ನೀರು ಹಾಕುವಾಗ ಅಲ್ಲಿ ಮಾತ್ರ ಮೆಲ್ಲಗೆ ಉಜ್ಜುತ್ತಾರಂತೆ.