ಬರೆದಂತೆ ಓದಿಸದ ಇಂಗ್ಲಿಷ್

ತಿಕೋಟಾ ಎಂದು ಇಂಗ್ಲಿಷಿನಲ್ಲಿ ಬರೆದರೆ ‘ಟಿ’ ಅಕ್ಷರ ಎರಡು ಬಾರಿ ಬರುತ್ತದೆ. ಮೊದಲನೆಯದು ‘ತ’, ಎರಡನೆಯದು ‘ಟ’. ಬಬಲೇಶ್ವರದ ಕೊನೆಗೆ ‘ಎ’ ಇಲ್ಲ. ಬಿಜಾಪುರ 2014ರಲ್ಲಿ ವಿಜಯಪುರವಾದಾಗ ಕೊನೆಗೊಂದು ‘ಎ’ ಬಂದು ಸೇರಿತು. ಊರಿನವರಿಗೆ ಇದರಿಂದ ತೊಡಕಿಲ್ಲ, ಹೆಸರು ಕಿವಿಗೆ ಗೊತ್ತಿದೆ. ಆದರೆ ಕೇಳಿಯೇ ಇರದ ಇಂಗ್ಲಿಷ್ ಪದವನ್ನು ಮಗು ಓದುವುದು ಹೇಗೆ? ಭಾಷಾ ಶಿಕ್ಷಕರಾಗಲು ಹೊರಟವರು ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಇದು.

ಕನ್ನಡದ ಕಾಗುಣಿತ ಕಲಿತವರು ಬರೆದಂತೆ ಓದುತ್ತಾರೆ. ಇಂಗ್ಲಿಷಿನಲ್ಲಿ 26 ಅಕ್ಷರಗಳೇ ಸುಮಾರು 44 ಧ್ವನಿಗಳನ್ನು ಹೊರಬೇಕು. ಇತಿಹಾಸದ ಭಾರ ಬೇರೆ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದ ಮೇಲೆ ಬರಹ ಕ್ರಮೇಣ ನೆಲೆನಿಂತಿತು. ಉಚ್ಚಾರಣೆ ಬದಲಾಗುತ್ತಲೇ ಹೋಯಿತು. ‘ನೈಫ್’ ಪದದ ಮೊದಲ ‘ಕೆ’ ಒಂದು ಕಾಲಕ್ಕೆ ಬಾಯಲ್ಲಿಯೂ ಇತ್ತು. ಈಗ ಕಾಗದದ ಮೇಲಷ್ಟೇ ಉಳಿದಿದೆ.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ 1ನೇ ತರಗತಿಗೇ ಇಂಗ್ಲಿಷ್ ಬಂದಿದೆ. ಹಳ್ಳಿಯ ಅನೇಕ ಮಕ್ಕಳಿಗೆ ಅದು ಕೇಳಿಸುವುದು ಹೆಚ್ಚಾಗಿ ಶಿಕ್ಷಕರ ಬಾಯಿಂದಲೇ. ಅವರು ‘ಇಸ್ಕೂಲ್’ ಎಂದರೆ ತರಗತಿಯೆಲ್ಲ ‘ಇಸ್ಕೂಲ್’ ಎನ್ನುತ್ತದೆ. ಬರೆಯುವಾಗಲೂ ಮೊದಲಿಗೊಂದು ‘ಐ’ ಸೇರಿಕೊಳ್ಳುವ ಅಪಾಯ ಉಂಟು.

ಆದ್ದರಿಂದ ತರಬೇತಿ ಕಿವಿಯಿಂದ ಆರಂಭವಾಗಬೇಕು. ‘ಶಿಪ್’, ‘ಶೀಪ್’ ಜೋಡಿಯ ಭೇದ ಮೊದಲು ಕೇಳಿಸಬೇಕು, ಆಮೇಲೆ ನುಡಿಯಬೇಕು, ಕೊನೆಗೆ ಬರೆಯಬೇಕು. ‘ರೆಕಾರ್ಡ್’ ನಾಮಪದವಾದರೆ ಒತ್ತು ಮೊದಲಿಗೆ, ಕ್ರಿಯಾಪದವಾದರೆ ಕೊನೆಗೆ. ಇದನ್ನು ಸ್ಪೆಲ್ಲಿಂಗ್ ಹೇಳಿಕೊಡದು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಲ್ಲಿ ಸ್ಥಾಪನೆಯಾದದ್ದೇ ಇಂತಹ ತರಬೇತಿಗಾಗಿ.

ಸಂದೇಹ ಬಂದರೆ ಶಿಕ್ಷಕರು ಮಕ್ಕಳೆದುರೇ ನಿಘಂಟು ತೆರೆಯಲಿ. ಅದೂ ಒಂದು ಪಾಠವೇ.